ಅಂಗಕಸಿಯ ಇತಿಹಾಸದಲ್ಲಿ ಚರ್ಮದ ಗಂತಿ

ಅಂಗಕಸಿಯ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕದಲ್ಲಿ ನಿಂತು ಬರೆದಿದ್ದಾರೆ. ಯಾವ ವರ್ಷದಲ್ಲಿ, ಯಾವ ಊರಿನಲ್ಲಿ, ಯಾರ ಕೈಯಿಂದ, ಯಾವ ಅಂಗವು ಒಂದು ದೇಹದಿಂದ ಇನ್ನೊಂದು ದೇಹಕ್ಕೆ ಹೋಯಿತು ಎಂಬುದೇ ಅವರಿಗೆ ಮುಖ್ಯ ಸಂಗತಿ. ರೋಗಿಯು ಎದ್ದು ಮನೆಗೆ ನಡೆದನೆಂಬಲ್ಲಿಗೆ ಅಧ್ಯಾಯವು ಮುಗಿಯುತ್ತದೆ. ಹಾಗೆ ಮನೆಗೆ ಹೋದವನು ಮುಂದೆ ಹತ್ತು ಇಪ್ಪತ್ತು ವರ್ಷ ಬದುಕಿದಾಗ ಅವನ ಶರೀರದಲ್ಲಿ ಏನೇನು ನಡೆಯಿತೆಂಬ ವಿಚಾರವು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಇಳಿದುಬಿಟ್ಟಿದೆ. ಪ್ರಕೃತ ಲೇಖನದಲ್ಲಿ ನಾವು ಆ ಅಡಿಟಿಪ್ಪಣಿಯನ್ನೇ ಮೇಲಕ್ಕೆತ್ತಿ ಓದಬೇಕೆಂದಿದ್ದೇವೆ. ಕಸಿ ಪಡೆದವರ ಚರ್ಮದ ಮೇಲೆ ಏಳುವ ಗಂತಿ, ಅದನ್ನು ತೆಗೆಯುವ ಕ್ರಮ, ತೆಗೆದ ಮೇಲೂ ಉಳಿಯುವ ಪ್ರಶ್ನೆ ಇವೇ ನಮ್ಮ ವಿಷಯ.

ಈ ವಿಷಯಕ್ಕೆ ನಾವು ಗ್ರಂಥಗಳ ಮೂಲಕ ಬಂದವರಲ್ಲ. ನಮಗೆ ಬಲ್ಲವರಾದ ವ್ಯಾಯಾಮ ಶಿಕ್ಷಕರೊಬ್ಬರಿದ್ದಾರೆ. ಹನ್ನೊಂದು ವರ್ಷಗಳ ಹಿಂದೆ ಅವರ ಅಕ್ಕನವರು ತಮ್ಮ ಮೂತ್ರಪಿಂಡವೊಂದನ್ನು ಕೊಟ್ಟು ಅವರನ್ನು ಉಳಿಸಿಕೊಂಡರು. ಅಂದಿನಿಂದ ಹೊತ್ತು ತಪ್ಪದೆ ಮಾತ್ರೆ ನುಂಗುತ್ತ, ಎಂದಿನಂತೆ ಮೈದಾನದ ಬಿಸಿಲಿನಲ್ಲಿ ನಿಂತು ಹುಡುಗರಿಗೆ ಆಟ ಕಲಿಸುತ್ತ ಬಂದವರು ಅವರು. ಕಳೆದ ವರ್ಷ ಅವರ ಬಲಗಿವಿಯ ಮೇಲಂಚಿನಲ್ಲಿ ಕಡಲೆಕಾಳಿನಷ್ಟು ಗಂಟೊಂದು ಎದ್ದಿತು. ಮುಟ್ಟಿದರೆ ಒರಟು, ಮೇಲೆ ಹೊಪ್ಪಳಿಕೆ. ನರಹುಲಿಯೆಂದು ತಿಳಿದು ಅವರು ಹಿರಿಯರೊಬ್ಬರ ಮಾತಿನಂತೆ ಅದರ ಬುಡಕ್ಕೆ ಕುದುರೆಬಾಲದ ಕೂದಲನ್ನು ಬಿಗಿದು ನೋಡಿದರು. ಗಂಟು ಉದುರಲಿಲ್ಲ, ರಕ್ತ ಬಂದಿತು. ನಾಲ್ಕು ತಿಂಗಳು ಹೀಗೆ ಕಳೆದ ಮೇಲೆ ಮೂತ್ರಪಿಂಡದ ವೈದ್ಯರ ಕಣ್ಣಿಗೆ ಅದು ಬಿದ್ದು, ಒಂದು ಚೂರನ್ನು ಪರೀಕ್ಷೆಗೆ ಕಳುಹಿಸಿದಾಗ ಅದು ಏಡಿಗಂತಿಯೆಂದು ತಿಳಿಯಿತು. ಶಸ್ತ್ರಚಿಕಿತ್ಸೆಗೆ ಮುನ್ನ ಅವರು ನಮ್ಮನ್ನು ಕೇಳಿದರು: “ಮೇಷ್ಟ್ರೇ, ನೀವು ಹಳೆಯದನ್ನೆಲ್ಲ ಓದುವವರು. ಅಕ್ಕ ಕೊಟ್ಟದ್ದು ಮೂತ್ರಪಿಂಡ. ರೋಗ ಬಂದದ್ದು ಕಿವಿಗೆ. ಇವೆರಡಕ್ಕೂ ಏನು ಸಂಬಂಧ?” ಅವರಿಗೆ ಆಗ ನಾವು ಕೊಟ್ಟ ಉತ್ತರ ತೃಪ್ತಿಕರವಾಗಿರಲಿಲ್ಲ. ಆಮೇಲೆ ಹುಡುಕಿ ಓದಿದುದನ್ನು ಇಲ್ಲಿ ಕ್ರಮವಾಗಿ ಇಡುತ್ತಿದ್ದೇವೆ.

ಮೊದಲಿಗೇ ಹೇಳಬೇಕಾದ ಸಂಗತಿಯೊಂದುಂಟು. ಕಸಿಯ ನಿಯಮಗಳನ್ನು ವೈದ್ಯಲೋಕಕ್ಕೆ ಕಲಿಸಿದ್ದು ಮೂತ್ರಪಿಂಡವಲ್ಲ, ಹೃದಯವಲ್ಲ, ಚರ್ಮ. ಈ ಪಾಠದ ಒಂದು ಪ್ರಸಿದ್ಧ ಪ್ರಕರಣದ ಆರಂಭವು ನಮ್ಮ ನಾಡಿನ ಯುದ್ಧವೊಂದರಲ್ಲಿದೆ. 1792ರ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟೀಪೂ ಸುಲ್ತಾನನ ಕಡೆಯವರ ಕೈಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಹೇಳಿದೆ. ಮರುವರ್ಷ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಗೆ ಸೇರಿದವನೊಬ್ಬನು ಅವನ ಹಣೆಯ ಚರ್ಮವನ್ನು ಬಿಡಿಸಿ, ಬುಡವನ್ನು ಕಡಿಯದೆ ಕೆಳಕ್ಕೆ ತಿರುಗಿಸಿ, ಹೊಸ ಮೂಗನ್ನು ಕಟ್ಟಿಕೊಟ್ಟನು. ಈ ವೃತ್ತಾಂತವು 1794ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಚಿತ್ರಸಹಿತವಾಗಿ ಪ್ರಕಟವಾಯಿತು. ಅದನ್ನು ಆಧರಿಸಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮವನ್ನು ಅನುಸರಿಸಿದನು. ಟೀಪುವಿನ ಸೆರೆಯ ವಿಚಾರದಲ್ಲಿ ಇದು ಶತ್ರುಪಕ್ಷದ ಬರಹವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಆದರೆ ಶಸ್ತ್ರಕ್ರಿಯೆಯ ವಿವರದಲ್ಲಿ ಸುಳ್ಳು ಹೇಳಲು ಆ ಪತ್ರಲೇಖಕನಿಗೆ ಯಾವ ಕಾರಣವೂ ಇರಲಿಲ್ಲ. ನಮಗೆ ಇಲ್ಲಿ ಬೇಕಾದುದಿಷ್ಟೆ: ಆ ಚರ್ಮವು ಹಿಡಿಯಿತು, ಏಕೆಂದರೆ ಅದು ಅವನದೇ ಆಗಿದ್ದಿತು.

ಇನ್ನೊಬ್ಬರ ಚರ್ಮವು ಏಕೆ ಹಿಡಿಯುವುದಿಲ್ಲ ಎಂಬುದು ಸ್ಪಷ್ಟವಾಗಲು ಮತ್ತೊಂದು ಯುದ್ಧ ಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಸುಟ್ಟ ಗಾಯಗಳ ಚಿಕಿತ್ಸೆಯು ಬ್ರಿಟನ್ನಿಗೆ ಅವಸರದ ಸಮಸ್ಯೆಯಾಗಿ ಪರಿಣಮಿಸಿತು. ಗ್ಲಾಸ್ಗೊ ನಗರದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ತಾಮಸ್ ಗಿಬ್ಸನ್ ಮತ್ತು ಪ್ರಾಣಿಶಾಸ್ತ್ರಜ್ಞ ಪೀಟರ್ ಮೆಡಾವರ್ ಇಬ್ಬರೂ ಸುಟ್ಟಗಾಯದ ತರುಣಿಯೊಬ್ಬಳಿಗೆ ಅವಳ ಸೋದರನ ಚರ್ಮದ ಸಣ್ಣ ತುಣುಕುಗಳನ್ನು ಕಸಿಮಾಡಿದರು. ಮೊದಲ ತುಣುಕುಗಳು ಕೆಲವು ದಿನ ಚೆನ್ನಾಗಿದ್ದು ಆಮೇಲೆ ನಾಶವಾದುವು. ಅದೇ ಸೋದರನಿಂದ ಎರಡನೆಯ ಬಾರಿ ತೆಗೆದಿಟ್ಟ ತುಣುಕುಗಳು ಮೊದಲಿನವಕ್ಕಿಂತ ಬೇಗನೆ ನಾಶವಾದುವು. ಅಂದರೆ ಶರೀರವು ಪರಕೀಯವಾದುದನ್ನು ಗುರುತಿಸುವುದಷ್ಟೇ ಅಲ್ಲ, ನೆನಪಿನಲ್ಲಿಯೂ ಇಟ್ಟುಕೊಳ್ಳುತ್ತದೆ. 1943ರಲ್ಲಿ ಪ್ರಕಟವಾದ ಈ ಬರಹವನ್ನು ಆಧುನಿಕ ಕಸಿವಿಜ್ಞಾನದ ತಳಹದಿಯೆನ್ನುವುದು ಅತಿಶಯೋಕ್ತಿಯಲ್ಲ. ಮೆಡಾವರ್ ಈ ದಾರಿಯಲ್ಲಿಯೇ ಮುಂದುವರಿದು 1960ರಲ್ಲಿ ಮ್ಯಾಕ್ಫರ್ಲೇನ್ ಬರ್ನೆಟ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು.

1954ನೆಯ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರಿ ಮತ್ತು ಸಂಗಡಿಗರು ನಡೆಸಿದ ಮೊದಲ ಯಶಸ್ವೀ ಮೂತ್ರಪಿಂಡ ಕಸಿಯಲ್ಲಿಯೂ ತೀರ್ಪು ಹೇಳಿದ್ದು ಚರ್ಮವೇ. ಕೊಟ್ಟವನೂ ಪಡೆದವನೂ ಅವಳಿ ಸೋದರರು. ಅವರು ನಿಜವಾಗಿಯೂ ಏಕರೂಪದ ಅವಳಿಗಳೇ ಎಂಬುದನ್ನು ನಿರ್ಧರಿಸಲು ವೈದ್ಯರು ಮೊದಲು ಒಬ್ಬನ ಚರ್ಮದ ತುಣುಕನ್ನು ಇನ್ನೊಬ್ಬನಿಗೆ ಅಂಟಿಸಿ ಕಾದರು. ಅದು ಹಿಡಿದ ಮೇಲೆಯೇ ಮೂತ್ರಪಿಂಡಕ್ಕೆ ಕೈಹಾಕಿದರು. ಮರ್ರಿಯವರು ಯುದ್ಧಕಾಲದಲ್ಲಿ ಸುಟ್ಟಗಾಯದ ಸೈನಿಕರಿಗೆ ಚರ್ಮದ ಕಸಿ ಮಾಡುತ್ತಿದ್ದವರೆಂಬುದು ಇಲ್ಲಿ ಗಮನಾರ್ಹ.

ಅವಳಿಗಳಿಲ್ಲದವರ ಗತಿಯೇನು? ಚರ್ಮವು ಹೇಳಿದ ನಿಯಮವನ್ನು ಮುರಿಯದೆ ಅವರಿಗೆ ಉಳಿವಿರಲಿಲ್ಲ. 1959ರಲ್ಲಿ ರಾಬರ್ಟ್ ಶ್ವಾರ್ಟ್ಸ್ ಮತ್ತು ವಿಲಿಯಂ ಡಾಮಶೆಕ್ ಎಂಬವರು, ರಕ್ತದ ಏಡಿಗಂತಿಗೆಂದು ತಯಾರಾಗಿದ್ದ 6-ಮರ್ಕ್ಯಾಪ್ಟೊಪ್ಯೂರಿನ್ ಎಂಬ ಔಷಧವು ಮೊಲಗಳ ನಿರೋಧಶಕ್ತಿಯನ್ನು ತಗ್ಗಿಸುತ್ತದೆಂದು ತೋರಿಸಿದರು. ಗರ್‌ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಶಾಲೆಯಿಂದ ಬಂದ ಅದರ ಸೋದರ ಔಷಧವೇ ಅಜಥಯೋಪ್ರಿನ್. ಇದರ ಬಲದಿಂದ 1962ರಲ್ಲಿ ಬಾಸ್ಟನ್ನಿನಲ್ಲಿ ಮೃತನೊಬ್ಬನ ಮೂತ್ರಪಿಂಡವು ರಕ್ತಸಂಬಂಧವಿಲ್ಲದ ರೋಗಿಯಲ್ಲಿ ಉಳಿಯಿತು. ಮರುವರ್ಷ ಡೆನ್ವರ್ ನಗರದಲ್ಲಿ ತಾಮಸ್ ಸ್ಟಾರ್ಜ್ಲ್ ಅವರು ಅಜಥಯೋಪ್ರಿನ್‌ನೊಡನೆ ಪ್ರೆಡ್ನಿಸೋನ್ ಸೇರಿಸಿ ಕೊಟ್ಟರೆ ಫಲವು ಇನ್ನೂ ಉತ್ತಮವೆಂದು ಸಿದ್ಧಪಡಿಸಿದರು. ಅಲ್ಲಿಂದ ಮುಂದಕ್ಕೆ ಅಂಗಕಸಿಯು ಪವಾಡದ ಸ್ಥಾನದಿಂದ ಇಳಿದು ಚಿಕಿತ್ಸೆಯೆನಿಸಿತು. ಆದರೆ ಈ ಔಷಧಗಳನ್ನು ಒಂದು ತಿಂಗಳು ನುಂಗಿ ಬಿಡುವಂತಿರಲಿಲ್ಲ. ಕಸಿಯು ಇರುವವರೆಗೂ ನುಂಗಬೇಕಿದ್ದಿತು. ದೀರ್ಘಕಾಲ ಶರೀರದ ಕಾವಲನ್ನು ಹೀಗೆ ಸಡಿಲಿಸಿದರೆ ಏನಾಗುವುದೆಂಬುದಕ್ಕೆ ಪೂರ್ವನಿದರ್ಶನವೇ ಇರಲಿಲ್ಲ.

ಇಲ್ಲಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಚರ್ಮದ ಗಂತಿಯ ಕಥೆ ಕಸಿಯ ಕಥೆಗಿಂತ ಹಳೆಯದು. 1775ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು ಹೊಗೆಗೂಡು ಗುಡಿಸುವವರ ವೃಷಣದ ಚರ್ಮದಲ್ಲಿ ಏಳುವ ಹುಣ್ಣಿಗೆ ಮಸಿಯೇ ಕಾರಣವೆಂದು ತೋರಿಸಿದನು. ಆ ಕಸುಬಿನವರು ಅದನ್ನು ಮಸಿಯ ನರಹುಲಿಯೆಂದು ಕರೆದು ಉಪೇಕ್ಷಿಸುತ್ತಿದ್ದರು. ಪಾಟ್ ಮಾತ್ರ ಬೇಗನೆ ಕತ್ತರಿಸಿ ತೆಗೆಯದಿದ್ದರೆ ಪ್ರಾಣಹಾನಿಯೆಂದು ಎಚ್ಚರಿಸಿದನು. ಸೂರ್ಯನ ಪಾಲು ತಿಳಿದುದು ಮುಂದಿನ ಶತಮಾನದ ಕೊನೆಗೆ. ಹ್ಯಾಂಬರ್ಗಿನ ಪೌಲ್ ಊನಾ 1894ರಲ್ಲಿ ನಾವಿಕರ ಮುಖ ಮತ್ತು ಕೈಗಳ ಚರ್ಮದಲ್ಲಿ ಗಂತಿಗೆ ದಾರಿಮಾಡುವ ಬದಲಾವಣೆಗಳನ್ನು ವರ್ಣಿಸಿದನು. ತರುವಾಯ ವಿಲಿಯಂ ಡ್ಯೂಬ್ರೈ ಎಂಬ ಫ್ರೆಂಚ್ ವೈದ್ಯನು ಬೋರ್ಡೊ ಸೀಮೆಯ ದ್ರಾಕ್ಷಿತೋಟದ ಕೆಲಸಗಾರರಲ್ಲಿ ಇವು ಹೆಚ್ಚೆಂದು ಗುರುತಿಸಿದನು. 1928ರಲ್ಲಿ ಫಿಂಡ್ಲೆ ಎಂಬ ವಿಜ್ಞಾನಿಯು ಅತಿನೇರಳೆ ಕಿರಣಗಳಿಂದ ಇಲಿಗಳ ಚರ್ಮದಲ್ಲಿ ಗಂತಿಗಳನ್ನು ಹುಟ್ಟಿಸಿದ ಮೇಲೆ ಸಂಶಯಕ್ಕೆ ಎಡೆಯುಳಿಯಲಿಲ್ಲ. ಹೀಗೆ ಕಸಿಯ ಯುಗವು ಆರಂಭವಾಗುವ ಹೊತ್ತಿಗೆ ಬಿಸಿಲಿನ ಅಪರಾಧವು ಸಾಬೀತಾಗಿದ್ದಿತು. ಬಿಸಿಲಿಗೆ ಔಷಧವು ಜೊತೆಗೂಡುವುದೆಂದು ಮಾತ್ರ ಯಾರೂ ಎಣಿಸಿರಲಿಲ್ಲ.

ಹೊಸ ಸಂಗತಿಯು ಬೆಳಕಿಗೆ ಬಂದ ಬಗೆಯು ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯದು. 1968ರಲ್ಲಿ ಡೆನ್ವರಿನ ಶಸ್ತ್ರವೈದ್ಯ ಇಸ್ರೇಲ್ ಪೆನ್ ಎಂಬವರು ಕಸಿ ಪಡೆದವರಲ್ಲಿ ಕಂಡ ಗಂತಿಗಳನ್ನು ಒಂದು ದಾಖಲೆಪುಸ್ತಕದಲ್ಲಿ ಬರೆದಿಡಲಾರಂಭಿಸಿದರು. ಬೇರೆ ಬೇರೆ ಊರುಗಳ ವೈದ್ಯರು ತಾವಾಗಿಯೇ ಬರೆದು ಕಳುಹಿಸಿದ ಪ್ರಕರಣಗಳು ಅದರಲ್ಲಿ ಸೇರುತ್ತ ಹೋದುವು. ಮುಂದೆ ಅದು ಸಿನ್ಸಿನಾಟಿ ನಗರಕ್ಕೆ ಹೋಗಿ ಸಾವಿರಾರು ನಮೂದುಗಳ ಭಂಡಾರವಾಯಿತು. 1971ರಲ್ಲಿ ಆಸ್ಟ್ರೇಲಿಯದ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಮೂತ್ರಪಿಂಡ ಕಸಿಯ ರೋಗಿಗಳಲ್ಲಿ ಚರ್ಮದ ಏಡಿಗಂತಿಯು ನಿರೀಕ್ಷೆಗೆ ಮೀರಿ ಕಾಣುತ್ತಿದೆಯೆಂದು ಬರೆದರು. ಬಿಳಿಯ ಚರ್ಮದ ಜನ ಉಗ್ರವಾದ ಬಿಸಿಲಿನಲ್ಲಿ ಬಾಳುವ ದೇಶದಿಂದಲೇ ಈ ವಾರ್ತೆ ಬಂದುದು ಆಕಸ್ಮಿಕವಲ್ಲ.

ಪೆನ್ನರ ದಾಖಲೆಪುಸ್ತಕವನ್ನು ನಾವು ಗೌರವದಿಂದ, ಆದರೆ ಎಚ್ಚರಿಕೆಯಿಂದ ಬಳಸಬೇಕು. ನಮ್ಮ ನಾಡಿನ ವೀರಗಲ್ಲುಗಳನ್ನು ಎಣಿಸಿದರೆ ಹೋರಾಡಿ ಮಡಿದು ಕಲ್ಲು ಪಡೆದವರ ಸಂಖ್ಯೆ ಸಿಕ್ಕೀತು. ಹೋರಾಡಿದವರೆಷ್ಟು ಮಂದಿ, ಬದುಕಿ ಮರಳಿದವರೆಷ್ಟು ಮಂದಿ ಎಂಬುದು ಸಿಕ್ಕದು. ಹಾಗೆಯೇ ವೈದ್ಯರು ಇಷ್ಟಬಂದಾಗ ಕಳುಹಿಸಿದ ಪ್ರಕರಣಗಳ ಪಟ್ಟಿಯಲ್ಲಿ ಗಂತಿಯಾದವರಿದ್ದಾರೆ, ಆಗದವರಿಲ್ಲ. ಒಬ್ಬ ರೋಗಿಗೆ ಅಪಾಯವೆಷ್ಟು ಎಂಬ ಪ್ರಶ್ನೆಗೆ ಅಲ್ಲಿಂದ ನೇರವಾದ ಉತ್ತರ ಹೊರಡುವುದಿಲ್ಲ. ಆ ಉತ್ತರಕ್ಕಾಗಿ ಒಂದು ಪ್ರಾಂತದಲ್ಲಿ ಕಸಿ ಪಡೆದವರೆಲ್ಲರನ್ನೂ ವರ್ಷಾನುಗಟ್ಟಲೆ ಹಿಂಬಾಲಿಸುವ ಗಣತಿ ಬೇಕಾಯಿತು. 1990ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಗಣತಿಯಲ್ಲಿ ಕಸಿಯಾಗಿ ಹತ್ತು ವರ್ಷ ಕಳೆದವರಲ್ಲಿ ನೂರಕ್ಕೆ 10 ಮಂದಿಗೂ ಇಪ್ಪತ್ತು ವರ್ಷ ಕಳೆದವರಲ್ಲಿ ನೂರಕ್ಕೆ 40 ಮಂದಿಗೂ ಚರ್ಮದ ಏಡಿಗಂತಿಯಾಗಿದ್ದಿತು. 1996ರಲ್ಲಿ ಪ್ರಕಟವಾದ ಕ್ವೀನ್ಸ್‌ಲೆಂಡಿನ ಗಣತಿ ಇನ್ನೂ ಕಠೋರ: ಹನ್ನೊಂದು ವರ್ಷಕ್ಕೆ ನೂರಕ್ಕೆ 45, ಇಪ್ಪತ್ತು ವರ್ಷಕ್ಕೆ ನೂರಕ್ಕೆ 70. ಒಂದೇ ಬಗೆಯ ಔಷಧ, ಒಂದೇ ಬಗೆಯ ಕಸಿ. ಬಿಸಿಲು ಮಾತ್ರ ಬೇರೆ.

1999ರಲ್ಲಿ ನಾರ್ವೆಯ ಸಂಶೋಧಕರು ಇದಕ್ಕೆ ಮತ್ತೊಂದು ಮುಖವನ್ನು ಸೇರಿಸಿದರು. ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳಿಂದ ಹುಟ್ಟುವ ಶಲ್ಕಕೋಶದ ಏಡಿಗಂತಿಯು ಮೂತ್ರಪಿಂಡ ಅಥವಾ ಹೃದಯದ ಕಸಿ ಪಡೆದವರಲ್ಲಿ ಸಾಮಾನ್ಯ ಜನರಿಗಿಂತ 65 ಪಟ್ಟು ಹೆಚ್ಚಾಗಿದ್ದಿತು. ಸಾಮಾನ್ಯ ಬಿಳಿಯ ಜನರಲ್ಲಿ ತಳಪದರದ ಕೋಶಗಳ ಗಂತಿಯೇ ಅಧಿಕ. ಅದು ನಿಧಾನವಾಗಿ ಬೆಳೆಯುವುದು, ದೂರಕ್ಕೆ ಹರಡುವುದು ಅಪರೂಪ. ಕಸಿ ಪಡೆದವರಲ್ಲಿ ಈ ಲೆಕ್ಕವು ತಲೆಕೆಳಗಾಗಿ ಶಲ್ಕಕೋಶದ ಗಂತಿ ಮುಂದಾಗುತ್ತದೆ. ಅದು ಅವರಲ್ಲಿ ಒಂದಲ್ಲ ಹಲವಾಗಿ ಏಳುತ್ತದೆ, ಬೇಗ ಬೆಳೆಯುತ್ತದೆ, ಕತ್ತಿನ ಗ್ರಂಥಿಗಳಿಗೆ ಹರಡುವ ಸಂಭವವೂ ಹೆಚ್ಚು. ಕಿವಿ ಮತ್ತು ತುಟಿಯ ಮೇಲಿನವು ಅವುಗಳಲ್ಲಿ ಹೆಚ್ಚು ಅಪಾಯಕಾರಿಯೆಂದು ಎಣಿಕೆ.

ಇದು ಏಕೆ ಹೀಗೆ? ಮೊದಲು ಎಲ್ಲರೂ ಒಪ್ಪಿದ ಉತ್ತರವು ಬರ್ನೆಟ್ಟರ ‘ಕಾವಲು’ ಸಿದ್ಧಾಂತದಿಂದ ಬಂದಿತು. ಶರೀರದಲ್ಲಿ ಆಗಾಗ ಕೆಟ್ಟ ಕೋಶಗಳು ಹುಟ್ಟುತ್ತಲೇ ಇರುವುವು. ನಿರೋಧಶಕ್ತಿಯು ಕಾವಲುಗಾರನಂತೆ ತಿರುಗುತ್ತ ಅವನ್ನು ನಿರ್ಮೂಲ ಮಾಡುವುದು. ಕಾವಲುಗಾರನಿಗೆ ನಿದ್ದೆ ಬರಿಸಿದರೆ ಕಳ್ಳರು ಹೆಚ್ಚುವರು. ಆಕರ್ಷಕವಾದ ವಾದ. ಆದರೆ ಅದು ಪೂರ್ತಿ ನಿಜವಾಗಿದ್ದಲ್ಲಿ ಎಲ್ಲ ಬಗೆಯ ಏಡಿಗಂತಿಗಳೂ ಒಂದೇ ಪ್ರಮಾಣದಲ್ಲಿ ಏರಬೇಕಿತ್ತು. ಸ್ತನದ ಗಂತಿ ಹಾಗೆ ಏರಲಿಲ್ಲ. ಏರಿದವುಗಳಲ್ಲಿ ಮುಖ್ಯವಾದುವು ಚರ್ಮದವು ಮತ್ತು ವೈರಸ್ಸುಗಳ ಸಂಬಂಧವುಳ್ಳವು. ವೈರಸ್ಸಿನ ಪಾಲಿಗೆ ಬಲವಾದ ಸಾಕ್ಷ್ಯ ಕಪೋಸಿಯ ಗಂತಿ. 1872ರಲ್ಲಿ ವಿಯೆನ್ನಾದ ಮೋರಿಟ್ಸ್ ಕಪೋಸಿ ವರ್ಣಿಸಿದ ಈ ನೇರಳೆ ಬಣ್ಣದ ಗಂತಿಯು ಕಸಿ ಪಡೆದವರಲ್ಲಿ, ಅದರಲ್ಲಿಯೂ ಮೆಡಿಟರೇನಿಯನ್ ತೀರದವರಲ್ಲಿ, ಕಾಣಿಸಿಕೊಂಡಿತು. ಔಷಧದ ಪ್ರಮಾಣವನ್ನು ಇಳಿಸಿದಾಗ ಎಷ್ಟೋ ಬಾರಿ ಅದು ತಾನಾಗಿಯೇ ಕುಗ್ಗಿತು. ಅದರ ಹಿಂದಿರುವ ವೈರಸ್ಸು 1994ರಲ್ಲಿ ಪತ್ತೆಯಾಯಿತು. ಕಸಿ ಪಡೆದವರ ಕೈಬೆರಳುಗಳಲ್ಲಿ ನರಹುಲಿಗಳು ಹಿಂಡುಹಿಂಡಾಗಿ ಏಳುವುದಕ್ಕೂ ವೈರಸ್ಸೇ ಕಾರಣ. ಶಲ್ಕಕೋಶದ ಗಂತಿಯಲ್ಲಿ ಆ ನರಹುಲಿಯ ವೈರಸ್ಸಿನ ಪಾಲೆಷ್ಟೆಂಬ ವಿಚಾರದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ಔಷಧವೇ ನೇರ ಅಪರಾಧಿಯಾಗಿರಬಹುದೆಂಬ ಮೂರನೆಯ ಉತ್ತರವು ತಡವಾಗಿ ಬಂದಿತು. ನಮ್ಮ ಅಭಿಪ್ರಾಯದಲ್ಲಿ ಈ ಇತಿಹಾಸದ ಅತ್ಯಂತ ಮನಕಲಕುವ ಪುಟ ಇದೇ. 2005ರಲ್ಲಿ ಬ್ರಿಟನ್ನಿನ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಹೀಗೆ ತೋರಿಸಿದರು: ಅಜಥಯೋಪ್ರಿನ್ ಸೇವಿಸುವವರ ಕೋಶಗಳ ಡಿ.ಎನ್.ಎ.ಯಲ್ಲಿ ಥಯೋಗ್ವಾನಿನ್ ಎಂಬ ವಸ್ತು ಸೇರಿಕೊಳ್ಳುತ್ತದೆ, ಸಾಮಾನ್ಯವಾದ ಡಿ.ಎನ್.ಎ. ಹೆಚ್ಚಾಗಿ ಲೆಕ್ಕಿಸದ ಅತಿನೇರಳೆ-ಎ ಕಿರಣಗಳನ್ನು ಈ ವಸ್ತು ಹೀರಿಕೊಂಡು ಅಲ್ಲಿಯೇ ಡಿ.ಎನ್.ಎ.ಯನ್ನು ಕೆಡಿಸುತ್ತದೆ. ಮೂತ್ರಪಿಂಡವನ್ನು ಉಳಿಸಿದ ಮಾತ್ರೆಯು ಚರ್ಮವನ್ನು ಬಿಸಿಲಿಗೆ ಒಪ್ಪಿಸಿಕೊಡುತ್ತಿದ್ದಿತು. ಸಾವಿರಾರು ಜನ ನಾಲ್ಕು ದಶಕಗಳಿಂದ ಅದನ್ನು ನುಂಗಿದ ಮೇಲೆ ಈ ವಿಷಯ ತಿಳಿಯಿತು. ಹಾಗೆಂದು ಎಲಿಯನ್ನರನ್ನಾಗಲಿ ಸ್ಟಾರ್ಜ್ಲರನ್ನಾಗಲಿ ದೂಷಿಸುವುದು ಇತಿಹಾಸಜ್ಞನ ಕೆಲಸವಲ್ಲ. 1963ರ ರೋಗಿಯ ಮುಂದೆ ಇದ್ದ ಇನ್ನೊಂದು ದಾರಿ ಬಹುಮಟ್ಟಿಗೆ ಮರಣವೇ. ಇಪ್ಪತ್ತು ವರ್ಷಗಳ ನಂತರದ ಗಂತಿಯನ್ನು ಕಾಣಲು ಮೊದಲು ಇಪ್ಪತ್ತು ವರ್ಷ ಬದುಕಬೇಕು.

ಅಜಥಯೋಪ್ರಿನ್‌ನ ಅನಂತರ ಬಂದ ಸೈಕ್ಲೋಸ್ಪೋರಿನ್ ನಾರ್ವೆಯ ಹಾರ್ಡಾಂಗರ್ ಪ್ರಸ್ಥಭೂಮಿಯ ಮಣ್ಣಿನ ಶಿಲೀಂಧ್ರದಿಂದ ದೊರೆತದ್ದು. ಇದನ್ನು ಬಾಸೆಲ್ ನಗರದಲ್ಲಿ ಪರಿಶೋಧಿಸಿದರು. 1978ರಲ್ಲಿ ಕೇಂಬ್ರಿಜ್ಜಿನ ರಾಯ್ ಕ್ಯಾಲ್ನಿ ಅವರು ರೋಗಿಗಳಿಗೆ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ಕಸಿಗಳು ಬಹುಕಾಲ ಉಳಿಯಲಾರಂಭಿಸಿದುವು. ಆದರೆ ಚರ್ಮದ ಕಷ್ಟ ಅದರಿಂದ ತಪ್ಪಲಿಲ್ಲ. ಈ ಔಷಧವು ನಿರೋಧಶಕ್ತಿಯ ಮಾತು ಹಾಗಿರಲಿ, ಗಂತಿಯ ಕೋಶಗಳ ನಡವಳಿಕೆಯನ್ನೇ ಬದಲಿಸಿ ಅವನ್ನು ಆಕ್ರಮಣಶೀಲವನ್ನಾಗಿ ಮಾಡಬಲ್ಲುದೆಂದು 1999ರ ಪ್ರಯೋಗವೊಂದು ಸೂಚಿಸಿತು.

ಇನ್ನು ಗಂತಿಯನ್ನು ತೆಗೆಯುವ ವಿಚಾರ. ಸುಶ್ರುತನು ಅರ್ಬುದಗಳ ಚಿಕಿತ್ಸೆಯನ್ನು ಹೇಳುವಾಗ ಶೇಷವುಳಿಯದಂತೆ ತೆಗೆಯಬೇಕೆಂದೂ ಉಳಿದರೆ ಅದು ಮತ್ತೆ ಬೆಳೆಯುವುದೆಂದೂ ಎಚ್ಚರಿಸಿದ್ದಾನೆ. ಶಸ್ತ್ರದ ಜೊತೆಗೆ ಕ್ಷಾರವನ್ನೂ ಅಗ್ನಿಯನ್ನೂ ವಿಧಿಸಿದ್ದಾನೆ. ಆಧುನಿಕ ಚಿಕಿತ್ಸೆಯ ಬೆಳವಣಿಗೆಯೆಲ್ಲವೂ ಈ ಶೇಷವನ್ನು ಕಂಡುಹಿಡಿಯುವ ಪ್ರಯತ್ನವೆಂದರೆ ತಪ್ಪಾಗದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಡರಿಕ್ ಮೋಸ್ ಎಂಬ ವಿದ್ಯಾರ್ಥಿಯು 1930ರ ದಶಕದಲ್ಲಿ ಒಂದು ವಿಚಿತ್ರವನ್ನು ಗಮನಿಸಿದನು: ಜಿಂಕ್ ಕ್ಲೋರೈಡನ್ನು ಹಚ್ಚಿದರೆ ಮಾಂಸವು ಸಾಯುತ್ತದೆ, ಆದರೆ ಅದರ ಸೂಕ್ಷ್ಮರಚನೆ ಕೆಡದೆ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದರಿಂದ ಅವನು ಗಂತಿಯನ್ನು ಪದರಪದರವಾಗಿ ತೆಗೆದು, ಪ್ರತಿಯೊಂದು ಪದರದ ಅಡಿಯನ್ನು ಪರೀಕ್ಷಿಸಿ, ಎಲ್ಲಿ ರೋಗವು ಉಳಿದಿದೆಯೋ ಅಲ್ಲಿ ಮಾತ್ರ ಮತ್ತೆ ಕತ್ತರಿಸುವ ಕ್ರಮವನ್ನು ರೂಪಿಸಿ 1941ರಲ್ಲಿ ಪ್ರಕಟಿಸಿದನು. ಲೇಪವು ನೋವಿನದು, ದಿನಗಟ್ಟಲೆ ಹಿಡಿಯುತ್ತಿದ್ದಿತು. 1953ರಲ್ಲಿ ರೆಪ್ಪೆಯ ಗಂತಿಯೊಂದರ ಚಿಕಿತ್ಸೆಯನ್ನು ಚಲಚ್ಚಿತ್ರವಾಗಿ ತೆಗೆಯುವಾಗ ಹೊತ್ತು ಉಳಿಸಲೆಂದು ಮೋಸ್ ಲೇಪವನ್ನು ಬಿಟ್ಟು, ಅರಿವಳಿಕೆ ಕೊಟ್ಟು ಹಸಿಯಾಗಿಯೇ ಕತ್ತರಿಸಿ ನೋಡಿದನು. 1974ರಲ್ಲಿ ಟ್ರೊಮೊವಿಚ್ ಮತ್ತು ಸ್ಟೆಗ್ಮನ್ ಎಂಬವರು ಈ ಲೇಪವಿಲ್ಲದ ಕ್ರಮದ ಫಲಿತಾಂಶಗಳನ್ನು ಪ್ರಕಟಿಸಿದ ಮೇಲೆ ಅದೇ ರೂಢಿಗೆ ಬಂದಿತು. ಕಿವಿ, ಮೂಗು, ರೆಪ್ಪೆಗಳಂಥ ಎಡೆಗಳಲ್ಲಿ, ಕಸಿ ಪಡೆದವರ ಗಂತಿಗಳಲ್ಲಿ, ಇದರ ಪ್ರಯೋಜನ ವಿಶೇಷ. ಈ ಸೌಕರ್ಯವಿಲ್ಲದ ಕಡೆ ಗಂತಿಯ ಸುತ್ತಲಿನ ಒಳ್ಳೆಯ ಚರ್ಮವನ್ನೂ ಕೆಲವು ಮಿಲಿಮೀಟರ್ ಸೇರಿಸಿ ಕತ್ತರಿಸಿ, ಅಂಚುಗಳನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಗಂತಿಯಾಗದ, ಆಗಬಹುದಾದ ಒರಟು ಮಚ್ಚೆಗಳನ್ನು ದ್ರವಸಾರಜನಕದಿಂದ ಹೆಪ್ಪುಗಟ್ಟಿಸುವುದೂ ಫ್ಲೂರೋಯುರಾಸಿಲ್ ಲೇಪದಿಂದ ಸುಡುವುದೂ ಉಂಟು.

ಒಂದನ್ನು ತೆಗೆದಲ್ಲಿಗೆ ಮುಗಿಯದಿರುವುದೇ ಕಸಿ ಪಡೆದವರ ಸಂಕಟ. ಮೇಲ್ನೋಟಕ್ಕೆ ಸರಿಯಾಗಿ ಕಾಣುವ ಸುತ್ತಲಿನ ಚರ್ಮವೂ ಬಿಸಿಲಿನಿಂದ ಒಳಗೇ ಕೆಟ್ಟಿರುತ್ತದೆ. ಗರಿಕೆ ಹಬ್ಬಿದ ಹೊಲದಲ್ಲಿ ಒಂದು ಕುಡಿಯನ್ನು ಕಿತ್ತಂತೆ. ಆದುದರಿಂದ ವೈದ್ಯನು ಚಾಕುವನ್ನು ಕೆಳಗಿಟ್ಟು ಮಾತ್ರೆಗಳ ಕಡೆಗೆ ನೋಡಬೇಕಾಗುತ್ತದೆ. ಮಾತ್ರೆ ಇಳಿಸಿದರೆ ಚರ್ಮಕ್ಕೆ ಹಿತ, ಮೂತ್ರಪಿಂಡಕ್ಕೆ ಭಯ. ಇಳಿಸದಿದ್ದರೆ ಭಯವು ಅದಲುಬದಲು. ಮೂತ್ರಪಿಂಡವು ಹೋದರೆ ರಕ್ತಶುದ್ಧಿಯ ಯಂತ್ರಕ್ಕಾದರೂ ಮರಳಬಹುದು. ಹೃದಯದ ಕಸಿಯವನಿಗೆ ಆ ದಾರಿಯೂ ಇಲ್ಲ.

ಈ ಇಕ್ಕಟ್ಟಿನಿಂದ ಹೊರಬರುವ ಒಂದು ದಾರಿ ಪೆಸಿಫಿಕ್ ಸಾಗರದ ರಾಪಾ ನೂಯಿ ದ್ವೀಪದ ಮಣ್ಣಿನಲ್ಲಿ ದೊರೆಯಿತು. 1964ರಲ್ಲಿ ಕೆನಡಾದ ವೈದ್ಯಕೀಯ ಯಾತ್ರೆಯೊಂದು ತಂದ ಮಣ್ಣಿನಿಂದ ಮಾಂಟ್ರಿಯಲ್ಲಿನಲ್ಲಿ ಸುರೇನ್ ಸೆಹಗಲ್ ಮತ್ತು ಸಂಗಡಿಗರು ರಾಪಾಮೈಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ 1975ರಲ್ಲಿ ಪ್ರಕಟಿಸಿದರು. ಸೆಹಗಲ್ ಬನಾರಸ್ಸಿನಲ್ಲಿ ಓದಿದವರು. ಸಿರೊಲಿಮಸ್ ಎಂಬ ಹೆಸರಿನಿಂದ ಅದು 1999ರಲ್ಲಿ ಅಮೆರಿಕದಲ್ಲಿ ಮೂತ್ರಪಿಂಡ ಕಸಿಗೆ ಅನುಮತಿ ಪಡೆಯಿತು. ಇದರ ಗುಣವೇನೆಂದರೆ ನಿರೋಧಶಕ್ತಿಯನ್ನೂ ತಗ್ಗಿಸುತ್ತದೆ, ಗಂತಿಯ ಕೋಶಗಳ ಬೆಳವಣಿಗೆಯನ್ನೂ ತಡೆಯುತ್ತದೆ. 2005ರಲ್ಲಿ ಇಟಲಿಯ ವೈದ್ಯರು ಕಪೋಸಿಯ ಗಂತಿಯಿದ್ದ ಹದಿನೈದು ಮಂದಿಗೆ ಸೈಕ್ಲೋಸ್ಪೋರಿನ್ ಬಿಡಿಸಿ ಇದನ್ನು ಕೊಟ್ಟಾಗ ಮೂರು ತಿಂಗಳಲ್ಲಿ ಎಲ್ಲರ ಚರ್ಮವೂ ತಿಳಿಯಾಯಿತು. 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಿಂದೆ ಶಲ್ಕಕೋಶದ ಗಂತಿಯಾಗಿದ್ದ 120 ಮಂದಿಯನ್ನು ಎರಡು ಪಂಗಡ ಮಾಡಿದ್ದರು. ಹಳೆಯ ಔಷಧದಲ್ಲಿಯೇ ಉಳಿದವರಲ್ಲಿ ನೂರಕ್ಕೆ 39 ಮಂದಿಗೂ ಸಿರೊಲಿಮಸ್‌ಗೆ ಬದಲಾದವರಲ್ಲಿ ನೂರಕ್ಕೆ 22 ಮಂದಿಗೂ ಹೊಸ ಗಂತಿ ಎದ್ದಿತು. ಆದರೆ ಬದಲಾದವರಲ್ಲಿ ಸುಮಾರು ಕಾಲುಭಾಗದ ಜನ ಪಾರ್ಶ್ವಪರಿಣಾಮಗಳನ್ನು ತಾಳಲಾರದೆ ಅದನ್ನು ಬಿಟ್ಟರು.

ಆಸೆ ಹುಟ್ಟಿ ಕುಸಿದ ಪ್ರಸಂಗವೂ ಒಂದುಂಟು. ವಿಟಮಿನ್ ಬಿ3ರ ಒಂದು ರೂಪವಾದ ನಿಕೊಟಿನಮೈಡ್ ಮಾತ್ರೆಯು ಹೊಸ ಚರ್ಮದ ಗಂತಿಗಳನ್ನು ನೂರಕ್ಕೆ 23ರಷ್ಟು ಕಡಿಮೆ ಮಾಡುವುದೆಂದು 2015ರಲ್ಲಿ ಆಸ್ಟ್ರೇಲಿಯದಿಂದ ವರದಿ ಬಂದಿತು. ಅಗ್ಗದ, ನಿರಪಾಯದ ಮಾತ್ರೆ. ಆ ಪರೀಕ್ಷೆಯಲ್ಲಿದ್ದವರು ಕಸಿಯವರಲ್ಲ. ಆದರೂ ಕಸಿಯವರಿಗೂ ಅದು ಫಲಿಸುವುದೆಂದು ಅನೇಕರು ನಂಬಿದರು. 2023ರಲ್ಲಿ ಕಸಿ ಪಡೆದವರಲ್ಲಿಯೇ ಪರೀಕ್ಷಿಸಿ ನೋಡಿದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ಒಬ್ಬರ ಚರ್ಮಕ್ಕೆ ಸಂದ ಸಾಕ್ಷ್ಯವನ್ನು ಇನ್ನೊಬ್ಬರ ಚರ್ಮಕ್ಕೆ ಅನ್ವಯಿಸುವಾಗ ಇರಬೇಕಾದ ಎಚ್ಚರವು ನಮ್ಮ ದೇಶದ ವಿಷಯದಲ್ಲಿಯೂ ಪ್ರಸ್ತುತ.

ಭಾರತದಲ್ಲಿ ಮೂತ್ರಪಿಂಡ ಕಸಿಯು 1971ರಲ್ಲಿ ವೆಲ್ಲೂರಿನಲ್ಲಿ ಯಶಸ್ವಿಯಾಗಿ ನೆಲೆನಿಂತಿತು. ಮೇಲೆ ಹೇಳಿದ ಗಣತಿಗಳಲ್ಲಿ ಬಹುಪಾಲು ಬಿಳಿಯ ಚರ್ಮದವರವು. ಕಂದುಬಣ್ಣದ ಚರ್ಮವು ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ ನಮ್ಮವರಲ್ಲಿ ಈ ಅಪಾಯವು ಕಡಿಮೆಯೆಂಬುದು ನಿಜ. ಇಲ್ಲಿ ಕಸಿಯವರ ಚರ್ಮದಲ್ಲಿ ಹೆಚ್ಚಾಗಿ ಕಾಣುವುದು ಸಿಬ್ಬು, ಹುಳುಕಡ್ಡಿ, ನರಹುಲಿಗಳು. ಆದರೆ ಕಡಿಮೆಯೆಂಬುದು ಇಲ್ಲವೆಂಬುದಕ್ಕೆ ಸಮನಲ್ಲ. ಕಪ್ಪು ಚರ್ಮದವರಲ್ಲಿ ಬಿಸಿಲು ಕಾಣದ ಗುಪ್ತಸ್ಥಾನಗಳಲ್ಲಿಯೂ ಗಂತಿ ಏಳುವುದನ್ನು ಅಮೆರಿಕದ ವೈದ್ಯರು ವರದಿಮಾಡಿದ್ದಾರೆ. ಅಂಥ ಎಡೆಗಳನ್ನು ತೋರಿಸಲು ರೋಗಿಗೂ ಸಂಕೋಚ, ನೋಡಲು ವೈದ್ಯನಿಗೂ ಪುರುಸೊತ್ತಿಲ್ಲ. ನರಹುಲಿಗಳೇ ಹೆಚ್ಚಾಗಿರುವಲ್ಲಿ ನರಹುಲಿಯಲ್ಲದ ಒಂದು ಅವುಗಳ ನಡುವೆ ಮರೆಯಾಗಿ ಕೂರುವುದು ಸುಲಭ. ನಮ್ಮ ಶಿಕ್ಷಕರು ನಾಲ್ಕು ತಿಂಗಳು ಕಳೆದುಕೊಂಡದ್ದು ಹೀಗೆಯೇ. ಅವರು ಮೈಬಣ್ಣದಲ್ಲಿ ಕೆಂಪಗಿನವರೆಂಬುದನ್ನೂ ಇಲ್ಲಿ ಸೇರಿಸಬೇಕು.

ಅವರ ಶಸ್ತ್ರಚಿಕಿತ್ಸೆಯು ಸ್ಥಳೀಯ ಅರಿವಳಿಕೆಯಲ್ಲಿ ಒಂದು ಬೆಳಗ್ಗೆ ನಡೆಯಿತು. ಕಿವಿಯ ಅಂಚಿನಲ್ಲಿ ಬೆಣೆಯಾಕಾರದ ತುಂಡನ್ನು ತೆಗೆದರು. ಮೊದಲ ವರದಿಯಲ್ಲಿ ಒಂದು ಅಂಚು ಸಂಶಯಾಸ್ಪದವಾಗಿ ಬಂದುದರಿಂದ ಹತ್ತು ದಿನಗಳ ಮೇಲೆ ಮತ್ತೊಮ್ಮೆ ಕತ್ತರಿಸಬೇಕಾಯಿತು. ಆ ಹತ್ತು ದಿನ ಅವರು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲವೆಂದು ಮನೆಯವರು ಹೇಳಿದರು. ಎರಡನೆಯ ಸಲ ಬಿದ್ದ ಹಳ್ಳವನ್ನು ಕಿವಿಯ ಹಿಂಬದಿಯ ಚರ್ಮದಿಂದ ಮುಚ್ಚಿದರು. ಅದು ವಾರದೊಳಗೆ ಹಿಡಿಯಿತು. ಕಾವಸ್‌ಜಿಯ ವೃತ್ತಾಂತವನ್ನು ನಾವು ಅವರಿಗೆ ಹೇಳಿದ್ದು ಪಟ್ಟಿ ಬಿಚ್ಚಿದ ದಿನ. ಅವರು ನಕ್ಕು, ಅವನ ಮೂಗು ಆಮೇಲೆ ಹೇಗಿತ್ತು ಎಂದು ಕೇಳಿದರು; ಚಿತ್ರದಲ್ಲಿ ಚೆನ್ನಾಗಿಯೇ ಇದೆಯೆಂದೆವು.

ಮಾತ್ರೆಗಳ ವಿಚಾರವು ಇನ್ನೂ ಇತ್ಯರ್ಥವಾಗಿಲ್ಲ. ಸಿರೊಲಿಮಸ್‌ಗೆ ಬದಲಾಯಿಸಬಹುದೆಂದು ಚರ್ಮದ ವೈದ್ಯರು, ಸ್ವಲ್ಪ ಕಾದು ನೋಡೋಣವೆಂದು ಮೂತ್ರಪಿಂಡದ ವೈದ್ಯರು. ಅಕ್ಕನವರಿಗೆ ಈಗ ಅರುವತ್ತೆಂಟು. ಮೂತ್ರಪಿಂಡಕ್ಕೆ ಅಪಾಯವಾಗುವ ಯಾವ ಪ್ರಯೋಗವೂ ಬೇಡವೆಂದು ಅವರು ತಮ್ಮನಿಗೆ ಹೇಳಿದ್ದಾರಂತೆ. ಸದ್ಯಕ್ಕೆ ಒಂದು ಮಾತ್ರೆಯ ಪ್ರಮಾಣವನ್ನು ಅರ್ಧಕ್ಕಿಳಿಸಿ ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಿದ್ದಾರೆ. ಶಿಕ್ಷಕರು ತುಂಬುತೋಳಿನ ಅಂಗಿಯನ್ನು ತೊಟ್ಟು, ಅಗಲವಾದ ಅಂಚಿನ ಟೋಪಿಯನ್ನು ಹಾಕಿಕೊಂಡು ಮೈದಾನಕ್ಕೆ ಹೋಗುತ್ತಾರೆ. ಆಟದ ತರಗತಿಗಳನ್ನು ಬೆಳಗಿನ ಮೊದಲ ಗಂಟೆಗೆ ಬದಲಾಯಿಸಿಕೊಟ್ಟಿದ್ದಾರೆ. ಎಡಗೈಯ ಹಿಂಬದಿಯಲ್ಲಿ ಒರಟು ಮಚ್ಚೆಯೊಂದು ಎದ್ದಿದ್ದು, ಅದನ್ನು ಹೋದ ತಿಂಗಳು ದ್ರವಸಾರಜನಕದಿಂದ ತೆಗೆದರು. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ.